ಡೆಸ್ಕ್‌ಟಾಪಿನ ಜಾಗದಲ್ಲಿ ಲ್ಯಾಪ್‌ಟಾಪ್

2008ರ ಜುಲೈ–ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಜಗತ್ತಿನ ಮಾರುಕಟ್ಟೆಗೆ ಬಂದ ಲ್ಯಾಪ್‌ಟಾಪ್‌ಗಳ ಸಂಖ್ಯೆ ಮೊದಲ ಬಾರಿಗೆ ಡೆಸ್ಕ್‌ಟಾಪ್‌ಗಳ ಸಂಖ್ಯೆಯನ್ನು ದಾಟಿತು. ಐಸಪ್ಲೈ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆಯ ಲೆಕ್ಕದಂತೆ ಎರಡೂ 3.85 ಕೋಟಿಯ ಆಸುಪಾಸಿನಲ್ಲಿದ್ದವು, ಅಂತರ ಒಂದು ಲಕ್ಷದಷ್ಟು ಮಾತ್ರ. ಇಂದು ಕಚೇರಿ ಕೊಡುವುದು ಲ್ಯಾಪ್‌ಟಾಪನ್ನೇ, ಕಾಲೇಜಿಗೆ ಸೇರುವ ಮಕ್ಕಳಿಗೆ ಮನೆಯವರು ಕೊಡಿಸುವುದೂ ಅದನ್ನೇ. 2020ರ ಮಾರ್ಚಿನಲ್ಲಿ ಬೆಂಗಳೂರಿನ ಐಟಿ ಕೆಲಸ ಮನೆಗೆ ಬಂದಾಗ ಊಟದ ಮೇಜು, ಮಂಚ, ದಿವಾನ ಎಲ್ಲವೂ ಕಚೇರಿಯಾದದ್ದು ಲ್ಯಾಪ್‌ಟಾಪ್ ಇದ್ದದ್ದರಿಂದಲೇ. ಈ ಬದಲಾವಣೆ ಆಗುತ್ತಿದ್ದ ಕಾಲದಲ್ಲೆಲ್ಲ ಜನ ಕೇಳುತ್ತಿದ್ದ ಪ್ರಶ್ನೆ ಒಂದೇ: ಲ್ಯಾಪ್‌ಟಾಪಿಗೆ ಡೆಸ್ಕ್‌ಟಾಪಿನಷ್ಟು ಶಕ್ತಿ ಇದೆಯೇ? ಪತ್ರ, ಲೆಕ್ಕ, ಜಾಲತಾಣ, ವಿಡಿಯೊ ಸಭೆ, ಸಾಮಾನ್ಯ ಪ್ರೋಗ್ರಾಮಿಂಗ್ ಇಷ್ಟರ ಮಟ್ಟಿಗೆ ಆ ಪ್ರಶ್ನೆ ಇತ್ಯರ್ಥವಾಗಿ ವರ್ಷಗಳೇ ಕಳೆದಿವೆ, ಉತ್ತರ ಹೌದು. ಆದರೆ ಡೆಸ್ಕ್‌ಟಾಪ್ ಮೇಜಿನಿಂದ ಇಳಿದು ಹೋದಾಗ ಅದರ ಜೊತೆ ಇನ್ನೇನು ಹೋಯಿತು ಎಂದು ಕೇಳಿದವರು ಕಡಿಮೆ. ಹೋದದ್ದು ಭಾಗಗಳ ಸ್ವಾತಂತ್ರ್ಯ. ಡೆಸ್ಕ್‌ಟಾಪಿನಲ್ಲಿ ಪರದೆ ಬೇರೆ, ಕೀಬೋರ್ಡ್ ಬೇರೆ, ನಾವು ಸಿಪಿಯು ಎಂದು ಕರೆಯುವ ಡಬ್ಬಿ ಬೇರೆ; ಒಂದೊಂದನ್ನೂ ಅದಕ್ಕೆ ತಕ್ಕ ಎತ್ತರದಲ್ಲಿ ಇಡಬಹುದಿತ್ತು, ಕೆಟ್ಟದ್ದನ್ನು ಮಾತ್ರ ಬದಲಿಸಬಹುದಿತ್ತು. ಲ್ಯಾಪ್‌ಟಾಪ್ ಇವೆಲ್ಲವನ್ನೂ ಒಂದೇ ಮೈಗೆ ಬೆಸೆಯಿತು. ಹೊರಗಿನಿಂದ ಒಂದು ಮಾನಿಟರ್ ಜೋಡಿಸುವುದೆಂದರೆ ಈ ಬೆಸುಗೆಯನ್ನು ಒಂದಿಷ್ಟು ಬಿಡಿಸುವ ಕೆಲಸ. ಎಲ್ಲೆಲ್ಲಿ ಅದನ್ನು ಬಿಡಿಸಲು ಸಾಧ್ಯವೋ ಅಲ್ಲೆಲ್ಲ ಲ್ಯಾಪ್‌ಟಾಪ್ ಡೆಸ್ಕ್‌ಟಾಪಿನ ಜಾಗವನ್ನು ಚೆನ್ನಾಗಿ ತುಂಬುತ್ತದೆ; ಸಾಧ್ಯವಿಲ್ಲದ ಕಡೆ ತುಂಬುವುದಿಲ್ಲ. ಕೊಳ್ಳುವವರ ಲೆಕ್ಕಾಚಾರವೆಲ್ಲ ಇಲ್ಲಿಂದ ಶುರುವಾಗಬೇಕು ಎಂಬುದು ಈ ಲೇಖನದ ವಾದ.

ಈ ಅಗತ್ಯವನ್ನು ತಯಾರಕರು ತಡವಾಗಿ ಕಂಡುಕೊಂಡರೆಂದು ಹೇಳಲಾಗದು. 1981ರಲ್ಲಿ ಬಂದ ಆಸ್ಬಾರ್ನ್ 1, ಕೈಯಲ್ಲಿ ಹಿಡಿದು ಒಯ್ಯಬಹುದಾದ ಮೊದಲ ಜನಪ್ರಿಯ ಕಂಪ್ಯೂಟರ್, ಹನ್ನೊಂದು ಕಿಲೋ ಆಸುಪಾಸು ತೂಗುತ್ತಿತ್ತು. ಅದರ ಪರದೆ ಐದೇ ಇಂಚು. ಸಾಲಿಗೆ 52 ಅಕ್ಷರ ಮಾತ್ರ ಹಿಡಿಸುತ್ತಿದ್ದ ಆ ಕಿಂಡಿಯಲ್ಲಿ ದಿನವಿಡೀ ಕೆಲಸ ಆಗದೆಂದು ಗೊತ್ತಿದ್ದೇ ಹೊರಗಿನ ಮಾನಿಟರ್ ಜೋಡಿಸಲು ಅದರಲ್ಲಿ ಅವಕಾಶ ಇಟ್ಟಿದ್ದರು. 1992ರಲ್ಲಿ ಆಪಲ್ ಕಂಪನಿ ಪವರ್‌ಬುಕ್ ಡ್ಯುಓ ಎಂಬ ಎರಡು ಕಿಲೋ ಆಸುಪಾಸಿನ ಲ್ಯಾಪ್‌ಟಾಪನ್ನೂ ಅದಕ್ಕೆಂದೇ ಡ್ಯುಓ ಡಾಕ್ ಎಂಬ ಡಬ್ಬಿಯನ್ನೂ ತಂದಿತು. ವಿಸಿಆರ್ ಬಾಯಿಗೆ ಕ್ಯಾಸೆಟ್ ತಳ್ಳುವ ಹಾಗೆ ಲ್ಯಾಪ್‌ಟಾಪನ್ನು ಡಬ್ಬಿಯೊಳಕ್ಕೆ ತಳ್ಳಿದರೆ ಮೇಲಿನ ಮಾನಿಟರ್, ಕೀಬೋರ್ಡ್, ಫ್ಲಾಪಿ ಎಲ್ಲವೂ ಒಮ್ಮೆಗೇ ಜೋಡಣೆಯಾಗುತ್ತಿದ್ದವು. ಇಂದು ಒಂದೇ ಕೇಬಲ್ ಚುಚ್ಚಿ ಕೆಲಸಕ್ಕೆ ಕೂರುವ ವ್ಯವಸ್ಥೆಯ ಪೂರ್ತಿ ಕಲ್ಪನೆ ಅಲ್ಲೇ ಇದೆ. ಅದು ಜನಸಾಮಾನ್ಯರ ಕೈಗೆ ಬರಲು ಮೂರು ದಶಕ ಹಿಡಿಯಿತು. ಡಬ್ಬಿ ಹೋಗಿ ಕೇಬಲ್ ಉಳಿಯಿತು, ಬೆಲೆ ಇಳಿಯಿತು.

ಮೊದಲು ದೇಹದ ಲೆಕ್ಕ, ಏಕೆಂದರೆ ಉಳಿದ ಲೆಕ್ಕಗಳನ್ನು ಆಮೇಲೆ ಸರಿಪಡಿಸಿಕೊಳ್ಳಬಹುದು, ಕುತ್ತಿಗೆಯದನ್ನು ಅಷ್ಟು ಸುಲಭವಾಗಿ ಆಗದು. ಲ್ಯಾಪ್‌ಟಾಪಿನ ತೊಂದರೆ ಅದರ ವಿನ್ಯಾಸದಲ್ಲೇ ಇದೆ. ಕೈ ಸಡಿಲವಾಗಿರಬೇಕಾದರೆ ಕೀಬೋರ್ಡ್ ಮೊಣಕೈಯ ಮಟ್ಟದಲ್ಲಿರಬೇಕು, ಕುತ್ತಿಗೆ ನೆಟ್ಟಗಿರಬೇಕಾದರೆ ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಕೆಳಗಿರಬೇಕು. ಇವೆರಡರ ನಡುವೆ ಕೂತ ಮನುಷ್ಯನ ದೇಹದಲ್ಲಿ ಎರಡು ಗೇಣಿನ ಅಂತರವಿದೆ. ಲ್ಯಾಪ್‌ಟಾಪಿನ ಕೀಲಿನಲ್ಲಿ ಅಂತರವೇ ಇಲ್ಲ. ಮೇಜಿನ ಮೇಲಿಟ್ಟರೆ ತಲೆ ಬಗ್ಗುತ್ತದೆ, ಎತ್ತರಿಸಿಟ್ಟರೆ ಭುಜ ಮೇಲೇರುತ್ತದೆ. ನ್ಯೂಯಾರ್ಕಿನ ಬೆನ್ನುಮೂಳೆ ಶಸ್ತ್ರಚಿಕಿತ್ಸಕ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಪ್ರಕಟಿಸಿದ ಲೆಕ್ಕ ಪ್ರಸಿದ್ಧವಾಗಿದೆ: ನೆಟ್ಟಗಿದ್ದಾಗ ಐದು ಕಿಲೋ ಆಸುಪಾಸು ಭಾರವಾಗಿರುವ ತಲೆ 30 ಡಿಗ್ರಿ ಬಾಗಿದಾಗ ಕುತ್ತಿಗೆಯ ಮೇಲೆ 18 ಕಿಲೋದಷ್ಟು, 60 ಡಿಗ್ರಿಯಲ್ಲಿ 27 ಕಿಲೋದಷ್ಟು ಹೊರೆ ಹೇರುತ್ತದೆ. ಇದು ಕಂಪ್ಯೂಟರ್ ಮಾದರಿಯಿಂದ ಬಂದ ಲೆಕ್ಕ, ರೋಗಿಗಳ ಮೇಲೆ ಅಳೆದದ್ದಲ್ಲ. ಅದನ್ನು ಬರೆದವರ ಮನಸ್ಸಿನಲ್ಲಿದ್ದದ್ದೂ ಮೊಬೈಲ್ ಫೋನು. ಆದ್ದರಿಂದ ಆ ಅಂಕಿಗಳನ್ನು ಅಕ್ಷರಶಃ ಹಿಡಿಯಬೇಕಿಲ್ಲ. ಹೊರೆ ಯಾವ ದಿಕ್ಕಿಗೆ ಹೆಚ್ಚುತ್ತದೆ ಎಂಬುದರಲ್ಲಿ ಮಾತ್ರ ಸಂದೇಹವಿಲ್ಲ, ಅದು ಸನ್ನೆಕೋಲಿನ ಸರಳ ನಿಯಮ. ಬೆಂಗಳೂರಿನ ಐಟಿ ಉದ್ಯೋಗಿಗಳನ್ನು ಪರೀಕ್ಷಿಸಿ ಇಲ್ಲಿನ ವೈದ್ಯರು ಪ್ರಕಟಿಸಿರುವ ಅಧ್ಯಯನಗಳಲ್ಲೂ ಕುತ್ತಿಗೆ, ಭುಜ, ಸೊಂಟಗಳೇ ಮೇಲೆ ಬರುತ್ತವೆ.

ಈ ಮಾತನ್ನು ಕಾನೂನಿನ ಮಟ್ಟಕ್ಕೆ ಒಯ್ದದ್ದು ಯುರೋಪು. ಪರದೆಯ ಮುಂದೆ ಕೆಲಸ ಮಾಡುವವರ ಆರೋಗ್ಯದ ಬಗ್ಗೆ ಅಲ್ಲಿ 1990ರಲ್ಲಿ ಬಂದ ನಿರ್ದೇಶನ, ಕೀಬೋರ್ಡ್ ಪರದೆಯಿಂದ ಬೇರೆಯಾಗಿರಬೇಕು ಎಂದು ಬಾಯಿಬಿಟ್ಟು ಹೇಳುತ್ತದೆ. ಒಯ್ಯಬಹುದಾದ ಕಂಪ್ಯೂಟರುಗಳಿಗೆ ವಿನಾಯಿತಿ ಇದೆ, ಆದರೆ ಅವನ್ನು ಒಂದೇ ಜಾಗದಲ್ಲಿ ದೀರ್ಘಕಾಲ ಬಳಸದಿದ್ದಾಗ ಮಾತ್ರ. ಅಂದರೆ ಲ್ಯಾಪ್‌ಟಾಪನ್ನು ಡೆಸ್ಕ್‌ಟಾಪಿನ ಹಾಗೆ ಬಳಸುತ್ತೀರಿ ಎಂದಾದರೆ ಅದನ್ನು ಡೆಸ್ಕ್‌ಟಾಪಿನ ಹಾಗೆಯೇ ಬಿಡಿಸಿ ಕೊಡಿ ಎಂಬುದು ಆ ನಿಯಮದ ತಾತ್ಪರ್ಯ. ಲ್ಯಾಪ್‌ಟಾಪ್ ಇನ್ನೂ ದುಬಾರಿಯಾಗಿದ್ದ ಕಾಲದಲ್ಲಿ ಬರೆದ ಈ ಸಾಲು ಇಂದಿಗೆ ಹೆಚ್ಚು ಸಲ್ಲುತ್ತದೆ. ಆದರೆ ಮಾನಿಟರ್ ತಂದ ಮಾತ್ರಕ್ಕೆ ದೇಹ ಸುಖಪಡುವುದಿಲ್ಲ ಎಂಬುದನ್ನೂ ಸೇರಿಸಬೇಕು. ಮಾನಿಟರನ್ನು ಪಕ್ಕಕ್ಕಿಟ್ಟು, ಲ್ಯಾಪ್‌ಟಾಪಿನ ಕೀಬೋರ್ಡನ್ನೇ ಕುಟ್ಟುತ್ತ, ದಿನವಿಡೀ ಕತ್ತು ಹೊರಳಿಸಿ ಕೂತರೆ ಒಂದು ನೋವಿನ ಬದಲು ಇನ್ನೊಂದು ಬರುತ್ತದೆ. ಮಾನಿಟರ್ ಎದುರಿಗೇ, ತೋಳಿನಳತೆ ದೂರದಲ್ಲಿರಬೇಕು. ಬೇರೆ ಕೀಬೋರ್ಡ್, ಬೇರೆ ಮೌಸ್ ಇರಬೇಕು. ನಲವತ್ತೈದು ದಾಟಿ ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕ ಹಾಕಿದವರು ಕನ್ನಡಕದ ಕೆಳಭಾಗದಿಂದ ಓದುವುದರಿಂದ ಅವರಿಗೆ ಪರದೆ ಇನ್ನಷ್ಟು ತಗ್ಗಿನಲ್ಲಿರಬೇಕು, ಇಲ್ಲವಾದರೆ ಗಲ್ಲ ಎತ್ತಿ ಓದುವ ಅಭ್ಯಾಸ ಬೀಳುತ್ತದೆ. ಎತ್ತರ ಹೊಂದಿಸಲು ಬರುವ ಸ್ಟ್ಯಾಂಡ್ ಇರುವ ಮಾನಿಟರಿಗೆ ಒಂದೆರಡು ಸಾವಿರ ಹೆಚ್ಚು ಕೊಡುವುದು ಈ ಕಾರಣಕ್ಕೆ ಸಾರ್ಥಕ. ಆಗದಿದ್ದರೆ ಎರಡು ದಪ್ಪ ನಿಘಂಟು ಆ ಕೆಲಸ ಮಾಡುತ್ತವೆ.

ಇನ್ನು ಕಣ್ಣಿನ ಮುಂದೆ ಸಿಗುವ ಜಾಗ. ಪರದೆಯನ್ನು ಕರ್ಣದ ಅಳತೆಯಲ್ಲಿ ಮಾರುವುದರಿಂದ 14ಕ್ಕೂ 24ಕ್ಕೂ ಹತ್ತೇ ಇಂಚಿನ ವ್ಯತ್ಯಾಸ ಎನಿಸುತ್ತದೆ. ವಿಸ್ತೀರ್ಣದಲ್ಲಿ ನೋಡಿದರೆ 24 ಇಂಚಿನದು 14 ಇಂಚಿನದಕ್ಕೆ ಹತ್ತಿರಹತ್ತಿರ ಮೂರು ಪಟ್ಟು, 27 ಇಂಚಿನದು ಮೂರೂಮುಕ್ಕಾಲು ಪಟ್ಟು. ಮೂಲವನ್ನು ಒಂದು ಬದಿಗಿಟ್ಟು ಅನುವಾದಿಸುವವರು, ಬ್ಯಾಂಕಿನ ಹೇಳಿಕೆ ನೋಡುತ್ತ ಜಿಎಸ್‌ಟಿ ರಿಟರ್ನ್ ತುಂಬುವವರು, ಕೋಡ್ ಬರೆದು ಪಕ್ಕದಲ್ಲೇ ಫಲಿತಾಂಶ ನೋಡುವವರು, ಪುಟ ವಿನ್ಯಾಸ ಮಾಡುವವರು, ಇವರಿಗೆಲ್ಲ ಎರಡು ಕಿಟಕಿಗಳನ್ನು ಅಕ್ಕಪಕ್ಕ ತೆರೆದಿಡುವುದು ಕೆಲಸದ ರೀತಿಯನ್ನೇ ಬದಲಿಸುತ್ತದೆ. ಸಣ್ಣ ಪರದೆಯಲ್ಲಿ ಒಂದು ಕಿಟಕಿಯ ಅಂಕಿಯನ್ನು ನೆನಪಿಟ್ಟುಕೊಂಡು ಇನ್ನೊಂದಕ್ಕೆ ಹಾರಬೇಕು. ತಪ್ಪುಗಳು ನುಸುಳುವುದು ಆ ಹಾರಾಟದಲ್ಲಿ. 2003ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಅಧ್ಯಯನವೊಂದು ಹೆಚ್ಚು ಪರದೆಯಿರುವವರು ಬೇಗ ಮತ್ತು ಕಡಿಮೆ ತಪ್ಪಿನೊಂದಿಗೆ ಕೆಲಸ ಮುಗಿಸುತ್ತಾರೆಂದು ತೋರಿಸಿತು. ಅದಕ್ಕೆ ಹಣ ಕೊಟ್ಟವರು ಮಾನಿಟರ್ ಮಾರುವ ಎನ್‌ಇಸಿ-ಮಿತ್ಸುಬಿಷಿ ಮತ್ತು ಗ್ರಾಫಿಕ್ಸ್ ಕಾರ್ಡ್ ಮಾಡುವ ಎಟಿಐ ಕಂಪನಿಗಳು ಎಂಬ ಆಕ್ಷೇಪ ನ್ಯಾಯವಾದದ್ದೇ. ಅದೇ ವರ್ಷ ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದ ಮೇರಿ ಜರ್ವಿನ್ಸ್ಕಿ ಮತ್ತು ಸಂಗಡಿಗರು ತುಂಬ ಅಗಲವಾದ ಪರದೆಯ ಮೇಲೆ ನಡೆಸಿದ ಪ್ರಯೋಗವೂ ಅದೇ ದಿಕ್ಕಿನಲ್ಲಿ ಫಲ ಕೊಟ್ಟಿತು ಎಂಬುದು ಆ ಸಂಶಯವನ್ನು ಸ್ವಲ್ಪ ತಗ್ಗಿಸುತ್ತದೆ. ಶೇಕಡಾವಾರು ಲಾಭದ ಮಾತನ್ನು ಜಾಹೀರಾತಿಗೆ ಬಿಟ್ಟುಬಿಡೋಣ. ಒಂದೇ ಕಡತವನ್ನು ತೆರೆದು ಓದುವವರಿಗೆ ಲಾಭ ಕಡಿಮೆ, ಎರಡು ಕಡತಗಳನ್ನು ತಾಳೆ ನೋಡುವವರಿಗೆ ಹೆಚ್ಚು ಎನ್ನುವಷ್ಟನ್ನು ಧೈರ್ಯವಾಗಿ ಹೇಳಬಹುದು.

ಕನ್ನಡದಲ್ಲಿ ಓದಿ ಬರೆಯುವವರು ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಮಾನಿಟರ್ ಶಿಫಾರಸು ಮಾಡುವ ವಿದೇಶಿ ಬರಹಗಳಲ್ಲಿ ಅದು ಬರುವುದಿಲ್ಲ. ಇಂಗ್ಲಿಷ್ ಅಕ್ಷರಕ್ಕಿಂತ ನಮ್ಮ ಅಕ್ಷರ ಲಂಬವಾಗಿ ಹೆಚ್ಚು ಜಾಗ ಕೇಳುತ್ತದೆ. ‘ರಾಷ್ಟ್ರ’ ಎಂದು ಬರೆದರೆ ಒಂದು ಅಕ್ಷರದ ಕೆಳಗೆ ಎರಡು ಒತ್ತು ಬರುತ್ತವೆ. ವಿಂಡೋಸಿನ ಸಾಮಾನ್ಯ ಹೊಂದಾಣಿಕೆಯಲ್ಲಿ 11 ಪಾಯಿಂಟಿನ ಅಕ್ಷರಕ್ಕೆ ಸಿಗುವುದು ಸುಮಾರು 15 ಪಿಕ್ಸೆಲ್ ಎತ್ತರ. ಅದರಲ್ಲಿ ಒತ್ತಿನ ಪಾಲಿಗೆ ಉಳಿಯುವುದು ನಾಲ್ಕೈದು. ಅಷ್ಟರಲ್ಲಿ ತ-ವತ್ತು, ನ-ವತ್ತು, ವ-ವತ್ತು ಒಂದೇ ರೀತಿಯ ಕಪ್ಪು ಚುಕ್ಕೆಗಳಾಗುತ್ತವೆ. ಕರಡು ತಿದ್ದುವವರಿಗೆ ಅದು ದಿನನಿತ್ಯದ ಕಷ್ಟ. 24 ಇಂಚಿನ, 1920×1080 ಪಿಕ್ಸೆಲ್ಲಿನ ಅಗ್ಗದ ಮಾನಿಟರಿನಲ್ಲಿ ಇಂಚಿಗೆ 92 ಪಿಕ್ಸೆಲ್. ಅದೇ ಸಂಖ್ಯೆಯ ಪಿಕ್ಸೆಲ್ಲುಗಳು 14 ಇಂಚಿನ ಲ್ಯಾಪ್‌ಟಾಪಿನಲ್ಲಿ ಇಂಚಿಗೆ 157ರಂತೆ ಒತ್ತಾಗಿ ಕೂರುತ್ತವೆ. ಹಾಗಾಗಿ ಹೊಸ ದೊಡ್ಡ ಮಾನಿಟರನ್ನು ಮನೆಗೆ ತಂದವರಿಗೆ ಮೊದಲ ದಿನ ಅಕ್ಷರ ಒರಟಾಗಿ ಕಂಡರೆ ಅದು ಕಣ್ಣಿನ ಭ್ರಮೆಯಲ್ಲ. ಆಪಲ್ ಕಂಪ್ಯೂಟರ್ ಬಳಸುವವರಿಗೆ ಇದು ಇನ್ನೂ ಹೆಚ್ಚು, ಏಕೆಂದರೆ ಕಡಿಮೆ ಸಾಂದ್ರತೆಯ ಪರದೆಯಲ್ಲಿ ಅಕ್ಷರದ ಅಂಚನ್ನು ನಯಗೊಳಿಸುತ್ತಿದ್ದ ಸಬ್‌ಪಿಕ್ಸೆಲ್ ತಂತ್ರವನ್ನು ಆ ಕಂಪನಿ 2018ರ ಮೊಹಾವೆ ಆವೃತ್ತಿಯಲ್ಲಿ ಕೈಬಿಟ್ಟಿತು. 27 ಇಂಚಿನ 2560×1440 ಮಾನಿಟರಿನಲ್ಲಿ ಸಾಂದ್ರತೆ 109ಕ್ಕೆ, ಅದೇ ಗಾತ್ರದ 4ಕೆ ಮಾನಿಟರಿನಲ್ಲಿ 163ಕ್ಕೆ ಏರುತ್ತದೆ. ಕನ್ನಡ ಪಠ್ಯವೇ ಜೀವನೋಪಾಯವಾಗಿರುವ ಸಂಪಾದಕರು, ಡಿಟಿಪಿ ಮಾಡುವವರು, ಅನುವಾದಕರು ಗೇಮಿಂಗ್ ಮಾನಿಟರಿನ 144 ಅಥವಾ 180 ಹರ್ಟ್ಸ್ ವೇಗಕ್ಕೆ ಹಣ ಕೊಡುವ ಬದಲು ಈ ಸಾಂದ್ರತೆಗೆ ಕೊಡಲಿ. ಮನೆಯಲ್ಲಿರುವ ಟಿವಿಯನ್ನೇ ಮಾನಿಟರ್ ಮಾಡಿಕೊಳ್ಳುವ ಉಪಾಯಕ್ಕೂ ಇಲ್ಲೇ ಉತ್ತರವಿದೆ: 32 ಇಂಚಿನ ಎಚ್‌ಡಿ ರೆಡಿ ಟಿವಿಯಲ್ಲಿ ಇಂಚಿಗೆ 49 ಪಿಕ್ಸೆಲ್ ಮಾತ್ರ. ಸಿನಿಮಾಕ್ಕೆ ಅದು ಸಾಕು, ಓದಿಗೆ ಸಾಲದು.

ಬಿಡಿಸಿದ ಭಾಗಗಳನ್ನು ಮತ್ತೆ ಜೋಡಿಸುವುದು ಕೇಬಲ್, ಮತ್ತು ಈ ವಿಷಯದಲ್ಲಿ ಗ್ರಾಹಕರಿಗೆ ನಿಜವಾದ ಅನ್ಯಾಯ ಆಗುತ್ತಿರುವುದು ಇಲ್ಲಿಯೇ. 1987ರ ವಿಜಿಎ, 1999ರ ಡಿವಿಐ, ಆಮೇಲಿನ ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್, ಇವುಗಳಲ್ಲಿ ತೂತು ನೋಡಿದರೆ ಕೆಲಸ ಗೊತ್ತಾಗುತ್ತಿತ್ತು. 2014ರಲ್ಲಿ ಬಂದ ಯುಎಸ್‌ಬಿ-ಸಿ ಚಿತ್ರ, ಮಾಹಿತಿ, ವಿದ್ಯುತ್ತು ಮೂರನ್ನೂ ಒಂದೇ ಸಣ್ಣ ತೂತಿನಲ್ಲಿ ಹರಿಸುವ ದೊಡ್ಡ ಸೌಕರ್ಯ ತಂದಿತು. ಅದೇ ಕಾರಣಕ್ಕೆ ಒಂದೇ ರೂಪದ ಎರಡು ತೂತುಗಳು ಬೇರೆಬೇರೆ ಕೆಲಸ ಮಾಡುವ ಗೊಂದಲವೂ ಬಂತು. ಯುಎಸ್‌ಬಿ-ಸಿ ಇದ್ದರೂ ಅದರಿಂದ ಚಿತ್ರವೇ ಹೊರಬರದ ಲ್ಯಾಪ್‌ಟಾಪ್‌ಗಳಿವೆ, ಚಾರ್ಜ್ ಆಗದವೂ ಇವೆ. ಚಾರ್ಜಿಗೆಂದು ಕೊಟ್ಟ ಕೇಬಲ್ ಎಷ್ಟೋ ಸಲ ಚಿತ್ರವನ್ನು ಒಯ್ಯುವುದಿಲ್ಲ. ಚಿತ್ರ ಬಂದರೂ ಲೆಕ್ಕ ಮುಗಿಯುವುದಿಲ್ಲ. ಯುಎಸ್‌ಬಿ-ಸಿ ಒಳಗೆ ವೇಗದ ನಾಲ್ಕು ದಾರಿಗಳಿವೆ. ಒಂದು ತೂತನ್ನು ಹಲವಾಗಿ ಹಂಚುವ ಡಾಕ್ ಅಥವಾ ಹಬ್ ಅವುಗಳಲ್ಲಿ ಎರಡನ್ನು ಚಿತ್ರಕ್ಕೂ ಎರಡನ್ನು ಪೆನ್‌ಡ್ರೈವ್, ಹಾರ್ಡ್‌ಡಿಸ್ಕಿನಂಥವುಗಳಿಗೂ ಹಂಚಿದರೆ, ಡಿಸ್‌ಪ್ಲೇಪೋರ್ಟ್ 1.2 ಮಟ್ಟದ ಹಳೆಯ ಲ್ಯಾಪ್‌ಟಾಪಿನಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬದಲಾಗುತ್ತದೆ. ಮೌಸಿನ ಬಾಣ ಎಳೆದಂತೆ ಓಡುತ್ತದೆ, ಪುಟ ಸರಿಸಿದರೆ ಕಣ್ಣಿಗೆ ಆಯಾಸ. ಎಚ್‌ಡಿಎಂಐ 1.4 ತೂತಿಗೂ 4ಕೆಯಲ್ಲಿ ಇದೇ 30ರ ಮಿತಿ. 60 ಬೇಕಾದರೆ 2013ರ ಎಚ್‌ಡಿಎಂಐ 2.0 ಬೇಕು. ಮಾನಿಟರನ್ನು ದೂರಿ ಅಂಗಡಿಗೆ ಹಿಂತಿರುಗಿಸಿದವರಲ್ಲಿ ಎಷ್ಟೋ ಜನ ದೂರಬೇಕಿದ್ದದ್ದು ಮಧ್ಯದ ಹಬ್ಬನ್ನು.

ಎರಡು ಮಾನಿಟರ್ ಬೇಕೆನ್ನುವವರಿಗೆ ಗೊಂದಲ ಇಮ್ಮಡಿ. 2020ರ ನವೆಂಬರಿನಲ್ಲಿ ಬಂದ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್ ಅದರ ವರ್ಗದಲ್ಲೇ ಅತ್ಯಂತ ವೇಗದ್ದೆಂದು ಹೆಸರಾಯಿತು, ಆದರೆ ಅದಕ್ಕೆ ನೇರವಾಗಿ ಜೋಡಿಸಬಹುದಾಗಿದ್ದದ್ದು ಒಂದೇ ಮಾನಿಟರ್. 2024ರ ಎಂ3 ಮಾದರಿಯಲ್ಲಿ ಲ್ಯಾಪ್‌ಟಾಪ್ ಮುಚ್ಚಿದ್ದರೆ ಎರಡಕ್ಕೆ ಅವಕಾಶ ಸಿಕ್ಕಿತು, 2025ರ ಎಂ4 ಮಾದರಿಯಲ್ಲಿ ತೆರೆದಿದ್ದಾಗಲೂ ಎರಡು. ಒಂದೇ ಡಿಸ್‌ಪ್ಲೇಪೋರ್ಟ್ ತೂತಿನಿಂದ ಸರಪಳಿಯ ಹಾಗೆ ಎರಡು ಮಾನಿಟರಿಗೆ ಬೇರೆಬೇರೆ ಚಿತ್ರ ಕಳಿಸುವ ತಂತ್ರ ವಿಂಡೋಸಿನಲ್ಲಿ ನಡೆಯುತ್ತದೆ, ಮ್ಯಾಕಿನಲ್ಲಿ ನಡೆಯದು. 2020ರಲ್ಲಿ ಬಂದ ಥಂಡರ್‌ಬೋಲ್ಟ್ 4 ಎಂಬ ಗುರುತು ಕನಿಷ್ಠ ಎರಡು 4ಕೆ ಪರದೆಗಳಿಗೆ ಖಾತರಿ ಕೊಡುತ್ತದೆ, ಹೀಗಾಗಿ ಅದನ್ನು ನಂಬಬಹುದು. ಅದಿರುವ ಲ್ಯಾಪ್‌ಟಾಪ್‌ಗಳು ಸಾಮಾನ್ಯವಾಗಿ ಮೇಲಿನ ಬೆಲೆಯವು. ಇಲ್ಲಿ ದೋಷ ತಂತ್ರಜ್ಞಾನದ್ದಲ್ಲ. ಮಾರುವವರು ಕೊಡುವ ವಿವರಪಟ್ಟಿಯಲ್ಲಿ ‘ಯುಎಸ್‌ಬಿ-ಸಿ 1’ ಎಂದಷ್ಟೇ ಬರೆದು ಮುಗಿಸುವುದು ದೋಷ. ಎಷ್ಟು ಮಾನಿಟರ್, ಯಾವ ಗಾತ್ರ, ಯಾವ ವೇಗ, ಎಷ್ಟು ವಾಟ್ ಚಾರ್ಜ್ ಎಂಬ ನಾಲ್ಕು ಉತ್ತರ ಡಬ್ಬಿಯ ಮೇಲೆ ಇರಬೇಕು. ಅಲ್ಲಿಯವರೆಗೆ ಕೊಳ್ಳುವವರು ತಯಾರಕರ ತಾಣದಲ್ಲಿ ಆ ಮಾದರಿಯ ಕೈಪಿಡಿ ತೆರೆದು ಈ ನಾಲ್ಕನ್ನೂ ಹುಡುಕಿಯೇ ಹಣ ಕೊಡಬೇಕು. ಇಷ್ಟು ಹುಡುಕಾಟ ಬೇಡವೆನ್ನುವವರಿಗೆ ಒಂದೇ ಮಾನಿಟರ್, ಒಂದು ಒಳ್ಳೆಯ ಎಚ್‌ಡಿಎಂಐ ಕೇಬಲ್, ಬೇರೆ ಚಾರ್ಜರ್ ಎಂಬ ಹಳೆಯ ಏರ್ಪಾಡೇ ಸಾಕು. ಎರಡು ತಂತಿ ಹೆಚ್ಚಾದರೆ ಕೆಲಸಕ್ಕೆ ಕುಂದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಬಿಡಿಸಲು ಬರುವ ಭಾಗಗಳ ಮಾತು. ಬಿಡಿಸಲು ಬಾರದವುಗಳಲ್ಲಿ ಮೊದಲನೆಯದು ಬಿಸಿ. ಹಗುರ ಲ್ಯಾಪ್‌ಟಾಪಿನ ಪ್ರೊಸೆಸರ್ 15ರಿಂದ 28 ವಾಟ್‌ಗೆ ರೂಪಿಸಿದ್ದು, ಡೆಸ್ಕ್‌ಟಾಪಿನದು 65ರಿಂದ 125 ವಾಟ್‌ಗೆ. ಬೆರಳು ದಪ್ಪದ ಮೈಯೊಳಗೆ ಬಿಸಿಯನ್ನು ಹೊರಹಾಕಲು ಜಾಗವಿಲ್ಲದ್ದರಿಂದ ದೀರ್ಘ ಕೆಲಸದಲ್ಲಿ ಅದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಪತ್ರ ಬರೆಯುವವರಿಗೆ ಇದು ತಿಳಿಯುವುದೇ ಇಲ್ಲ, ಒಂದು ಗಂಟೆಯ ವಿಡಿಯೊ ಸಿದ್ಧಪಡಿಸುವವರಿಗೆ ಚೆನ್ನಾಗಿ ತಿಳಿಯುತ್ತದೆ. ಗ್ರಾಫಿಕ್ಸಿನಲ್ಲಿ ಹೆಸರೇ ದಾರಿ ತಪ್ಪಿಸುತ್ತದೆ: ಎನ್‌ವಿಡಿಯಾದ ಆರ್‌ಟಿಎಕ್ಸ್ 4090 ಎಂಬ ಒಂದೇ ಹೆಸರಿನಲ್ಲಿ ಡೆಸ್ಕ್‌ಟಾಪಿಗೆ 16,384 ಕೋರ್, 24 ಜಿಬಿ ಮೆಮೊರಿ, 450 ವಾಟ್, ಲ್ಯಾಪ್‌ಟಾಪಿಗೆ ಬೇರೆ ಚಿಪ್ಪು, 9,728 ಕೋರ್, 16 ಜಿಬಿ, 150 ವಾಟ್ ಆಸುಪಾಸು. ಅನಿಮೇಷನ್, ಸಿಎಡಿ, ಕೃತಕ ಬುದ್ಧಿಮತ್ತೆಯ ಮಾದರಿಗಳಿಗೆ ತರಬೇತಿ ಕೊಡುವಂಥ ಕೆಲಸ ಮಾಡುವವರು ಲ್ಯಾಪ್‌ಟಾಪಿಗೆ ಮಾನಿಟರ್ ಜೋಡಿಸಿ ಡೆಸ್ಕ್‌ಟಾಪ್ ಆಯಿತೆಂದು ಭಾವಿಸಿದರೆ ಹಣವೂ ಹೋಗುತ್ತದೆ, ಸಮಯವೂ ಹೋಗುತ್ತದೆ. ಅವರಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಭಾಗ ಆರಿಸಿ ಅಸೆಂಬಲ್ ಮಾಡಿಸಿದ ಡಬ್ಬಿಯೇ ಇಂದಿಗೂ ಸರಿ. ಎರಡನೆಯದು ಮೆಮೊರಿ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಮದರ್‌ಬೋರ್ಡಿಗೇ ಬೆಸೆದಿರುತ್ತದೆ. ಇಂಟೆಲ್‌ನ 2024ರ ಲೂನಾರ್ ಲೇಕ್ ಪೀಳಿಗೆಯಲ್ಲಂತೂ ಪ್ರೊಸೆಸರಿನ ಪಕ್ಕದಲ್ಲೇ ಒಂದೇ ಕಟ್ಟಿನಲ್ಲಿ 16 ಅಥವಾ 32 ಜಿಬಿ ಎಂದು ನಿಗದಿಯಾಗಿ ಬರುತ್ತದೆ. ಕೊಂಡ ದಿನದ ತೀರ್ಮಾನವೇ ಕೊನೆಯ ತೀರ್ಮಾನ. ಮೇಜಿನ ಯಂತ್ರವಾಗಿ ಐದಾರು ವರ್ಷ ಬಾಳಿಸಬೇಕೆಂದಿದ್ದರೆ 8 ಜಿಬಿ ಮಾದರಿಯನ್ನು, ಅದೂ ಬೆಸೆದದ್ದನ್ನು, ಇಂದು ಕೊಳ್ಳಲೇಬಾರದು.

ಮೂರನೆಯದಾದ ಬ್ಯಾಟರಿಯ ಬಗ್ಗೆ ತುಸು ನಿಧಾನಿಸಬೇಕು, ಏಕೆಂದರೆ ನಮ್ಮ ಹವೆಗೂ ಅದಕ್ಕೂ ನೇರ ಸಂಬಂಧವಿದೆ. ಲ್ಯಾಪ್‌ಟಾಪನ್ನು ಡೆಸ್ಕ್‌ಟಾಪಾಗಿ ಬಳಸುವುದೆಂದರೆ ಅದನ್ನು ಹಗಲೆಲ್ಲ ಚಾರ್ಜರಿಗೆ ಕಟ್ಟಿಹಾಕುವುದು. ಲಿಥಿಯಂ ಅಯಾನ್ ಬ್ಯಾಟರಿಗೆ ಪೂರ್ತಿ ತುಂಬಿದ ಸ್ಥಿತಿಯೂ ಬಿಸಿಯೂ ಆಗದ ಸಂಗತಿಗಳು, ಎರಡೂ ಸೇರಿದರೆ ಇನ್ನೂ ಕೆಟ್ಟದ್ದು. ಈ ಕ್ಷೇತ್ರದಲ್ಲಿ ಬಹಳ ಜನ ಆಧಾರವಾಗಿಟ್ಟುಕೊಳ್ಳುವ ಬ್ಯಾಟರಿ ಯೂನಿವರ್ಸಿಟಿ ಕೋಷ್ಟಕದ ಪ್ರಕಾರ ಶೇ. 40 ತುಂಬಿದ ಬ್ಯಾಟರಿಯನ್ನು 25 ಡಿಗ್ರಿಯಲ್ಲಿ ಒಂದು ವರ್ಷ ಇಟ್ಟರೆ ಅದರ ಸಾಮರ್ಥ್ಯ ಶೇ. 96 ಉಳಿಯುತ್ತದೆ, ಪೂರ್ತಿ ತುಂಬಿದ್ದನ್ನು 40 ಡಿಗ್ರಿಯಲ್ಲಿ ಇಟ್ಟರೆ ಶೇ. 65. ರಾಯಚೂರು, ಕಲಬುರಗಿಗಳಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ 40 ದಾಟುತ್ತದೆ, ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಬೆಂಗಳೂರಿನಲ್ಲೂ ಆ ಬಿಸಿ ಅಪರೂಪವಲ್ಲ. ಉಬ್ಬಿದ ಬ್ಯಾಟರಿ ಟ್ರ್ಯಾಕ್‌ಪ್ಯಾಡನ್ನು ಮೇಲಕ್ಕೆ ತಳ್ಳುವುದು ಹೀಗೆಯೇ. ಅಂಥದ್ದು ಕಂಡರೆ ಚಾರ್ಜರ್ ತೆಗೆದು ಬಳಕೆ ನಿಲ್ಲಿಸಬೇಕು, ಒತ್ತಿ ಕೂರಿಸುವ ಪ್ರಯತ್ನ ಬೇಡ. ಉಪಾಯ ಸರಳವಾಗಿದೆ ಮತ್ತು ಉಚಿತವಾಗಿದೆ. ಲೆನೊವೊ, ಆಸುಸ್ ಮೊದಲಾದ ಬಹುಪಾಲು ಕಂಪನಿಗಳು ಚಾರ್ಜನ್ನು ಶೇ. 80ರ ಆಸುಪಾಸಿಗೆ ನಿಲ್ಲಿಸುವ ಆಯ್ಕೆಯನ್ನು ತಮ್ಮ ತಂತ್ರಾಂಶದಲ್ಲಿ ಕೊಟ್ಟಿವೆ. ಮೇಜಿನ ಮೇಲೆ ನೆಲೆಸುವ ಲ್ಯಾಪ್‌ಟಾಪಿನಲ್ಲಿ ಮೊದಲ ದಿನವೇ ಅದನ್ನು ಹಾಕಿಬಿಡಬೇಕು. ಪರದೆ ಮುಚ್ಚಿ ಬಳಸುವವರು ಇನ್ನೊಂದು ಎಚ್ಚರ ವಹಿಸಲಿ: ‘ಮುಚ್ಚಿದರೂ ಎಚ್ಚರವಾಗಿರು’ ಎಂಬ ವಿಂಡೋಸ್ ಹೊಂದಾಣಿಕೆಯನ್ನು ಚಾರ್ಜರ್ ಇದ್ದಾಗಿನ ಸ್ಥಿತಿಗೆ ಮಾತ್ರ ಇಟ್ಟು, ಬ್ಯಾಟರಿಯ ಸ್ಥಿತಿಗೆ ನಿದ್ರೆಯನ್ನೇ ಇಡಬೇಕು. ಇಲ್ಲದಿದ್ದರೆ ಲ್ಯಾಪ್‌ಟಾಪ್ ಚೀಲದೊಳಗೆ ಎಚ್ಚರವಾಗಿಯೇ ಇದ್ದು ಬಿಸಿಯಾಗುತ್ತದೆ.

ಇದೇ ಬ್ಯಾಟರಿ ನಮ್ಮ ಊರುಗಳಲ್ಲಿ ಲ್ಯಾಪ್‌ಟಾಪಿನ ಪರ ವಾದವೂ ಹೌದು. ಕರೆಂಟು ಹೋದಾಗ ಡೆಸ್ಕ್‌ಟಾಪ್ ಆ ಕ್ಷಣವೇ ಆರುತ್ತದೆ. ಯುಪಿಎಸ್ ಇದ್ದರೂ ಅದು ಕೊಡುವುದು ಕಡತ ಉಳಿಸಿ ಮುಚ್ಚುವಷ್ಟು ಸಮಯ. ಲ್ಯಾಪ್‌ಟಾಪಿನಲ್ಲಿ ಕೆಲಸ ಉಳಿಯುತ್ತದೆ, ಮಾನಿಟರ್ ಮಾತ್ರ ಕಪ್ಪಾಗುತ್ತದೆ. 24 ಇಂಚಿನ ಎಲ್‌ಇಡಿ ಮಾನಿಟರ್ ತಿನ್ನುವುದು 20 ವಾಟ್ ಆಸುಪಾಸು, ಆದ್ದರಿಂದ ಡೆಸ್ಕ್‌ಟಾಪನ್ನು ಹದಿನೈದು ನಿಮಿಷ ಹಿಡಿಯಲೂ ಏದುಸಿರು ಬಿಡುವ ಸಾಮಾನ್ಯ 600 ವಿಎ ಯುಪಿಎಸ್ ಮಾನಿಟರ್ ಒಂದನ್ನೇ ಒಂದು ಗಂಟೆಯ ಆಸುಪಾಸು ನಡೆಸಬಲ್ಲದು. ಹಳೆಯ ಡೆಸ್ಕ್‌ಟಾಪಿನ ಯುಪಿಎಸ್ ಮೂಲೆಯಲ್ಲಿ ಬಿದ್ದಿದ್ದರೆ, ಅದರ ಬ್ಯಾಟರಿ ಬದಲಿಸಿ ಮಾನಿಟರಿಗೂ ವೈಫೈ ರೂಟರಿಗೂ ಕೊಡುವುದಕ್ಕಿಂತ ಒಳ್ಳೆಯ ಬಳಕೆ ಅದಕ್ಕಿಲ್ಲ. ತಿಂಗಳ ಬಿಲ್ಲಿನಲ್ಲೂ ವ್ಯತ್ಯಾಸ ಕಾಣುತ್ತದೆ: ಲ್ಯಾಪ್‌ಟಾಪು, ಮಾನಿಟರು ಸೇರಿ 45 ವಾಟ್, ಡೆಸ್ಕ್‌ಟಾಪು, ಮಾನಿಟರು ಸೇರಿ 110 ವಾಟ್ ಎಂದು ಹಿಡಿದರೆ ದಿನಕ್ಕೆ ಎಂಟು ಗಂಟೆಯಂತೆ ಇಪ್ಪತ್ತೈದು ದಿನಕ್ಕೆ ಹದಿಮೂರು ಯೂನಿಟ್ ಉಳಿತಾಯ. ಮೊತ್ತ ದೊಡ್ಡದಲ್ಲ, ಆದರೆ ಇನ್ವರ್ಟರಿನ ಮೇಲೆ ಸಂಜೆ ಕಳೆಯುವ ಮನೆಗೆ ಆ 65 ವಾಟ್ ಎಂದರೆ ಒಂದು ಫ್ಯಾನು.

ಈಗ ಅತಿ ಬಲವಾದ ಆಕ್ಷೇಪ. ಲ್ಯಾಪ್‌ಟಾಪಿಗೆ ಮಾನಿಟರ್, ಕೀಬೋರ್ಡ್, ಮೌಸ್ ಎಲ್ಲ ಜೋಡಿಸುವುದಾದರೆ ಲ್ಯಾಪ್‌ಟಾಪೇ ಏಕೆ? ಅದರ ಪರದೆಗೂ ಕೀಬೋರ್ಡಿಗೂ ಬ್ಯಾಟರಿಗೂ ಹಣ ಕೊಟ್ಟು, ಆಮೇಲೆ ಅವನ್ನು ಬಳಸದೆ ಮುಚ್ಚಿಡುವುದು ಯಾವ ಜಾಣತನ? ಆಪಲ್‌ನ ಬೆಲೆಪಟ್ಟಿಯಲ್ಲಿ ಈ ಆಕ್ಷೇಪವನ್ನು ರೂಪಾಯಿಯಲ್ಲೇ ಅಳೆಯಬಹುದು. ಎಂ4 ಚಿಪ್ಪು, 16 ಜಿಬಿ ಮೆಮೊರಿ, 256 ಜಿಬಿ ಸಂಗ್ರಹದ ಮ್ಯಾಕ್ ಮಿನಿ ಎಂಬ, ಪರದೆ-ಕೀಬೋರ್ಡ್ ಇಲ್ಲದ ಪುಟ್ಟ ಡೆಸ್ಕ್‌ಟಾಪ್ 2024ರಲ್ಲಿ ಭಾರತದಲ್ಲಿ 59,900 ರೂಪಾಯಿಗೆ ಬಂತು. ಅಷ್ಟೇ ಮೆಮೊರಿ, ಅಷ್ಟೇ ಸಂಗ್ರಹದ ಎಂ4 ಮ್ಯಾಕ್‌ಬುಕ್ ಏರ್ 2025ರಲ್ಲಿ 99,900ಕ್ಕೆ. ಅಂತರವಾದ ನಲವತ್ತು ಸಾವಿರ ಒಯ್ಯುವ ಸೌಲಭ್ಯದ ಬೆಲೆ. ಆ ಹಣಕ್ಕೆ ಒಳ್ಳೆಯ ಮಾನಿಟರ್, ಕೀಬೋರ್ಡ್, ವೆಬ್‌ಕ್ಯಾಮ್ ಬಂದು ಇನ್ನೂ ಉಳಿಯುತ್ತದೆ. ವಿಂಡೋಸ್ ಕಡೆಯ ಮಿನಿ ಪಿಸಿಗಳಲ್ಲೂ ಲೆಕ್ಕ ಇದೇ ಧಾಟಿಯದು. ಆದ್ದರಿಂದ ಯಂತ್ರ ಮನೆಯ ಮೇಜು ಬಿಟ್ಟು ಕದಲುವುದೇ ಇಲ್ಲವೆಂದಾದರೆ ಈ ಆಕ್ಷೇಪಕ್ಕೆ ಮರುತ್ತರವಿಲ್ಲ. ಅದನ್ನು ಒಪ್ಪಿ ಮಿನಿ ಪಿಸಿ ತರುವುದೇ ಸರಿ. ಅಂಗಡಿಯ ಬಿಲ್ಲಿಂಗ್, ಮನೆಯ ಹಿರಿಯರ ಬಳಕೆ, ಮುದ್ರಣಾಲಯದ ಡಿಟಿಪಿ ಇಂಥವು. ಆದರೆ ವಾರಕ್ಕೆ ಎರಡು ದಿನ ಕಚೇರಿಗೆ ಹೋಗಬೇಕಾದವರು, ರಜೆಗೆ ಊರಿಗೆ ಹೋದರೂ ಕೆಲಸ ಬಿಡಲಾಗದವರು, ಹಾಸ್ಟೆಲು–ಮನೆಯ ನಡುವೆ ಓಡಾಡುವ ವಿದ್ಯಾರ್ಥಿಗಳು ಎರಡು ಯಂತ್ರ ಇಟ್ಟುಕೊಂಡು ಕಡತ, ತಂತ್ರಾಂಶ, ಪಾಸ್‌ವರ್ಡ್‌ಗಳನ್ನು ಸರಿಹೊಂದಿಸುತ್ತ ಕೂರಲಾರರು. ಅವರಿಗೆ ಆ ನಲವತ್ತು ಸಾವಿರ ದಂಡವಲ್ಲ.

ಮನೆಯಲ್ಲಿ ಮೇಜಿಗೇ ಜಾಗವಿಲ್ಲ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಬೆಂಗಳೂರಿನ ಪಿಜಿ ಕೋಣೆಯಲ್ಲಿ ಮೂವರ ಜೊತೆ ಇರುವವರಿಗೆ 27 ಇಂಚಿನ ಮಾನಿಟರ್ ಶಿಫಾರಸು ಮಾಡುವುದು ಅವರ ಸ್ಥಿತಿ ಅರಿಯದ ಮಾತಾಗುತ್ತದೆ. ಅಲ್ಲಿಯೂ ಮೂಲ ತತ್ವ ಬದಲಾಗದು, ಬಿಡಿಸುವ ಕ್ರಮ ಮಾತ್ರ ಬದಲಾಗುತ್ತದೆ. ಮಡಚುವ ಸ್ಟ್ಯಾಂಡಿನ ಮೇಲೆ ಲ್ಯಾಪ್‌ಟಾಪನ್ನೇ ಕಣ್ಣಿನ ಮಟ್ಟಕ್ಕೆ ಏರಿಸಿ, ಸಾವಿರ ರೂಪಾಯಿಯ ಆಸುಪಾಸಿನ ಕೀಬೋರ್ಡ್, ಮೌಸ್ ಜೋಡಿಸಿದರೆ ಕುತ್ತಿಗೆಗೆ ಸಿಗಬೇಕಾದ ಲಾಭದ ಬಹುಪಾಲು ಸಿಗುತ್ತದೆ. ಸಿಗದೆ ಉಳಿಯುವುದು ಪರದೆಯ ಅಗಲ ಮಾತ್ರ. ಜಾಗ ಇದ್ದವರು ಹಣ ಖರ್ಚು ಮಾಡುವ ಕ್ರಮವನ್ನು ಮಾತ್ರ ತಿರುಗಿಸಬೇಕಿದೆ. ಸಾಮಾನ್ಯವಾಗಿ ಜನ ಲ್ಯಾಪ್‌ಟಾಪಿಗೆ ಕೈಲಿದ್ದದ್ದೆಲ್ಲ ಸುರಿದು, ಮಾನಿಟರನ್ನು ಮುಂದಿನ ವರ್ಷಕ್ಕೆ ದೂಡುತ್ತಾರೆ. ಲ್ಯಾಪ್‌ಟಾಪು ನಾಲ್ಕೈದು ವರ್ಷಕ್ಕೆ ಹಳತಾಗುತ್ತದೆ. ಒಳ್ಳೆಯ ಮಾನಿಟರು, ಕೀಬೋರ್ಡು ಎರಡು ಲ್ಯಾಪ್‌ಟಾಪುಗಳ ಆಯುಷ್ಯ ಬಾಳುತ್ತವೆ, ಮತ್ತು ದಿನಕ್ಕೆ ಎಂಟು ಗಂಟೆ ಕಣ್ಣೂ ಕೈಯೂ ತಾಗುವುದು ಅವನ್ನೇ. ಲ್ಯಾಪ್‌ಟಾಪಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿದು ಉಳಿದ ಹತ್ತು–ಹದಿನೈದು ಸಾವಿರವನ್ನು ಮೇಜಿಗೆ ಹಾಕುವುದು ಉತ್ತಮ. ತೆರಿಗೆಯೂ ಈಗ ಅಡ್ಡಿಯಲ್ಲ: 32 ಇಂಚಿನವರೆಗಿನ ಮಾನಿಟರಿನ ಜಿಎಸ್‌ಟಿ 2019ರ ಜನವರಿಯಿಂದಲೇ ಶೇ. 28ರಿಂದ 18ಕ್ಕೆ ಇಳಿದಿದೆ, ಅದಕ್ಕಿಂತ ದೊಡ್ಡವಕ್ಕೂ 2025ರ ಸೆಪ್ಟೆಂಬರಿನಿಂದ ಅದೇ ದರ.

ಮಾನಿಟರಿಗೆ ಹಣ ಕೊಡಬೇಕಾದವರು ಯಾರು ಎಂಬುದನ್ನೂ ಕೇಳಬೇಕು. ಉದ್ಯೋಗಿಗೆ ಲ್ಯಾಪ್‌ಟಾಪ್ ಒಂದನ್ನು ಕೊಟ್ಟು, ಮನೆಯಿಂದಲೂ ಕೆಲಸ ಮಾಡಿ ಎನ್ನುವ ಸಂಸ್ಥೆ ಅರ್ಧ ಉಪಕರಣ ಕೊಟ್ಟಂತಾಯಿತು. ಕಚೇರಿಯ ಮೇಜಿನ ಮೇಲೆ ಮಾನಿಟರ್ ಅಗತ್ಯವೆಂದು ಒಪ್ಪಿ ಇಟ್ಟವರು, ಅದೇ ಕೆಲಸವನ್ನು ಅದೇ ವ್ಯಕ್ತಿ ಮನೆಯಲ್ಲಿ ಮಾಡುವಾಗ ಅದು ಐಷಾರಾಮ ಎಂದು ಹೇಳಲು ಬರುವುದಿಲ್ಲ. ರಾಜ್ಯದಲ್ಲಿ ಅಂಗಡಿ, ಕಚೇರಿಗಳಲ್ಲಿ ದುಡಿಯುವವರ ಗಂಟೆ, ರಜೆಗಳನ್ನು ಗೊತ್ತುಮಾಡುವ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ಅದನ್ನು ಬರೆದಾಗ ಯಾವ ಗುಮಾಸ್ತರ ಮೇಜಿನ ಮೇಲೂ ಕಂಪ್ಯೂಟರ್ ಪರದೆ ಇರಲಿಲ್ಲ. ಯುರೋಪಿನಂತೆ ಕೀಬೋರ್ಡು, ಪರದೆಯ ತನಕ ನಿಯಮ ಬರೆಯುವುದಕ್ಕೆ ಕಾಯಬೇಕಾದ ಅಗತ್ಯವೂ ಇಲ್ಲ. ಹತ್ತು ಸಾವಿರದ ಮಾನಿಟರನ್ನು ಎಂಟು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು ನೂರನಾಲ್ಕು ರೂಪಾಯಿ ಆಗುತ್ತದೆ. ಕೆಲಸಕ್ಕೆ ಸೇರುವ ದಿನ ಲ್ಯಾಪ್‌ಟಾಪಿನ ಜೊತೆ ಒಂದು ಮಾನಿಟರ್, ಕೀಬೋರ್ಡ್, ಮೌಸ್ ಪಟ್ಟಿಯಲ್ಲಿರಲಿ ಎಂದು ಉದ್ಯೋಗಿಗಳು ಮಾನವ ಸಂಪನ್ಮೂಲ ವಿಭಾಗಕ್ಕೆ ಬರೆದು ಕೇಳುವುದು ಸಂಪೂರ್ಣ ನ್ಯಾಯವಾದ ಬೇಡಿಕೆ, ಮತ್ತು ಅದನ್ನು ಗುಂಪಾಗಿ ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು.